ಅರ್ಥದ ಪುಸ್ತಕ ಪಕ್ಕಕ್ಕಿಡಿ, ಚಿತ್ರ ನೋಡಿ

(ಓದುಗರ ಬಳಗವೊಂದರಲ್ಲಿ ಟ್ಯಾರೋ ಕಾರ್ಡುಗಳ ಬಗ್ಗೆ ಆಡಿದ ಮಾತಿನ ಬರಹ ರೂಪ)

ಟ್ಯಾರೋ ಅಂದ ಕೂಡಲೇ ಇಲ್ಲಿ ಕೂತವರಲ್ಲಿ ಅರ್ಧ ಜನಕ್ಕೆ ಕುತೂಹಲ, ಇನ್ನರ್ಧ ಜನಕ್ಕೆ ಸಿಟ್ಟು ಬಂದಿರುತ್ತದೆ. ಎರಡೂ ಸರಿಯೇ. ಅದಕ್ಕೇ ಮೊದಲೇ ಹೇಳಿಬಿಡುತ್ತೇನೆ. ಈ ಕಾರ್ಡುಗಳಿಗೆ ನಿಮ್ಮ ನಾಳೆ ಗೊತ್ತಿಲ್ಲ. ನಿಮ್ಮ ನಿನ್ನೆಯೂ ಗೊತ್ತಿಲ್ಲ. ದಪ್ಪ ಕಾಗದದ ಮೇಲೆ ಅಚ್ಚು ಹಾಕಿದ ಚಿತ್ರ, ಅಷ್ಟೇ. ಮದುವೆ ಯಾವಾಗ, ಸೈಟು ಕೊಳ್ಳಲಾ ಬೇಡವಾ, ಬಿಟ್ಟುಹೋದವನು ವಾಪಸ್ ಬರ್ತಾನಾ, ಇಂಥ ಪ್ರಶ್ನೆ ಇಟ್ಟುಕೊಂಡು ಬಂದಿದ್ದರೆ ನನ್ನಿಂದ ಪ್ರಯೋಜನವಿಲ್ಲ. ನಾನು ಬರವಣಿಗೆಯ ಕಮ್ಮಟ ನಡೆಸುವವಳು. ತಮ್ಮ ಬಗ್ಗೆ ಬರೆಯಲು ಕೂತವರಿಗೆ ಕೈ ಓಡದೇ ಹೋದಾಗ ಈ ಚಿತ್ರಗಳನ್ನು ಮುಂದಿಡುತ್ತೇನೆ. ಅದರಿಂದ ಏನಾಗುತ್ತದೆ, ಯಾಕಾಗುತ್ತದೆ, ಎಲ್ಲಿ ಕೆಡುತ್ತದೆ, ಇದಿಷ್ಟೇ ಇವತ್ತಿನ ಮಾತು.

ನೋಡದವರಿಗಾಗಿ ಎರಡು ಮಾತು. ಒಂದು ಟ್ಯಾರೋ ಕಟ್ಟಿನಲ್ಲಿ 78 ಎಲೆ ಇರುತ್ತವೆ. ಅದರಲ್ಲಿ 56 ಎಲೆ ನಮ್ಮ ಇಸ್ಪೀಟಿನ ನೆಂಟರೇ. ಇಸ್ಪೀಟು, ಆಟೀನು, ಕಳಾವರ್, ಡೈಮಂಡ್ ಇರುವ ಜಾಗದಲ್ಲಿ ಕತ್ತಿ, ಬಟ್ಟಲು, ಕೋಲು, ನಾಣ್ಯ. ಎಕ್ಕದಿಂದ ಹತ್ತರ ತನಕ ಎಣಿಕೆಯ ಎಲೆ, ಆಮೇಲೆ ಗುಲಾಮ, ಕುದುರೆ ಸವಾರ, ರಾಣಿ, ರಾಜ. ಸವಾರ ಒಬ್ಬ ಜಾಸ್ತಿ. ಉಳಿದ 22 ಎಲೆಗಳಿಗೆ ಪಂಗಡ ಇಲ್ಲ. ಸೂರ್ಯ, ಚಂದ್ರ, ಸನ್ಯಾಸಿ, ಸಾವು, ಸೈತಾನ, ಸಿಡಿಲು ಬಡಿದ ಗೋಪುರ, ಹೀಗೆ. ಸಿನಿಮಾದಲ್ಲಿ ತೋರಿಸುವುದು ಬರೀ ಇವನ್ನೇ. ನನಗೆ ಮಾತ್ರ ಆ 56 ಎಲೆಗಳ ಮೇಲೇ ಪ್ರೀತಿ. ಯಾಕೆ ಅಂತ ಆಮೇಲೆ ಹೇಳುತ್ತೇನೆ.

ಇದು ಎಲ್ಲಿಂದ ಬಂತು? ಈಜಿಪ್ಟಿನ ಪುರೋಹಿತರ ಗುಟ್ಟು, ಸುಟ್ಟುಹೋದ ಗ್ರಂಥಾಲಯದಿಂದ ಉಳಿಸಿ ತಂದದ್ದು, ಅಂತೆಲ್ಲ ಕೇಳಿರುತ್ತೀರಿ. ಹಾಗೇನಿಲ್ಲ. ಇದು ಎಲೆ ಆಟ. 15ನೇ ಶತಮಾನದ ಉತ್ತರ ಇಟಲಿಯಲ್ಲಿ, ಮಿಲಾನು, ಫೆರಾರಾ ಕಡೆಯ ಅರಮನೆಗಳಲ್ಲಿ ಹುಟ್ಟಿದ ಆಟ. ನಾವು ಇಪ್ಪತ್ತೆಂಟು ಆಡುವಾಗ ತುರುಪು ಇಡುತ್ತೇವಲ್ಲ, ಅಲ್ಲಿ 21 ಎಲೆ ಕಾಯಂ ತುರುಪು. ಜೊತೆಗೊಬ್ಬ ಹುಚ್ಚ. ಮಿಲಾನಿನ ವಿಸ್ಕೊಂಟಿ ಮತ್ತು ಸ್ಫೋರ್ಜಾ ಮನೆತನದವರು ಚಿನ್ನದ ರೇಕು ಹಚ್ಚಿ ಬರೆಸಿಕೊಂಡ ಎಲೆಗಳು ಇವತ್ತಿಗೂ ಇವೆ. ಒಂದಿಷ್ಟು ಬೆರ್ಗಾಮೊದಲ್ಲಿ, ಒಂದಿಷ್ಟು ನ್ಯೂಯಾರ್ಕಿನ ಮಾರ್ಗನ್ ಲೈಬ್ರರಿಯಲ್ಲಿ. ಎಣಿಕೆ ಎಲೆಗಳು ಅದಕ್ಕೂ ಹಳೆಯವು. ಮಧ್ಯಯುಗದಲ್ಲಿ ಈಜಿಪ್ಟನ್ನು ಆಳಿದ ಮಾಮ್ಲುಕ್ ಸುಲ್ತಾನರ ಕಾಲದ ಎಲೆಗಳಲ್ಲಿ ಬಟ್ಟಲು, ನಾಣ್ಯ, ಕತ್ತಿಯ ಜೊತೆ ಪೋಲೋ ಆಡುವ ಕೋಲಿತ್ತು. ಯುರೋಪಿಗೆ ಹೋಗಿ ಅದು ಬರೀ ಕೋಲಾಯಿತು. ಈಜಿಪ್ಟಿನ ನಂಟು ಅಂದರೆ ಇಷ್ಟೇ. ಅದೂ ಫೇರೋಗಳದ್ದಲ್ಲ.

ಹಾಗಾದರೆ ಆ ಪುರೋಹಿತರ ಕತೆ ಕಟ್ಟಿದ್ದು ಯಾರು? 1781ರಲ್ಲಿ ಪ್ಯಾರಿಸ್ಸಿನ ಕೂರ್ ದ ಜೆಬೆಲಾಂ ಅನ್ನುವ ವಿದ್ವಾಂಸ. ಯಾರೋ ಆಡುತ್ತಿದ್ದ ಆಟ ನೋಡಿ, ಇದು ಈಜಿಪ್ಟಿನ ಪ್ರಾಚೀನ ಜ್ಞಾನ ಅಂತ ಬರೆದುಬಿಟ್ಟರು. ಆಗ ಈಜಿಪ್ಟಿನ ಚಿತ್ರಲಿಪಿ ಓದಲು ಯಾರಿಗೂ ಬರುತ್ತಿರಲಿಲ್ಲ. ಶಾಂಪೋಲಿಯೋ ಅದರ ಗುಟ್ಟು ಬಿಡಿಸಿದ್ದು 1822ರಲ್ಲಿ. ಓದಲು ಬರದ ಲಿಪಿಯ ಹೆಸರಲ್ಲಿ ಏನು ಬೇಕಾದರೂ ಹೇಳಬಹುದು, ಕೇಳುವವರು ಯಾರು? ಅದರ ಹಿಂದೆಯೇ ಎತ್ತೇಲಾ ಅನ್ನುವವರು ಟ್ಯಾರೋ ಹಿಡಿದು ಭವಿಷ್ಯ ಹೇಳುವ ಕ್ರಮ ಅಚ್ಚು ಹಾಕಿಸಿದರು. ಅಲ್ಲಿಂದ ಶುರುವಾದ ವ್ಯಾಪಾರ ಇನ್ನೂ ನಡೆಯುತ್ತಿದೆ. ಫ್ರಾನ್ಸಿನಲ್ಲಿ, ಆಸ್ಟ್ರಿಯಾದಲ್ಲಿ ಜನ ಇವತ್ತಿಗೂ ಇದನ್ನು ಆಟವಾಗಿಯೇ ಆಡುತ್ತಾರೆ, ಅದು ಬೇರೆ ಮಾತು.

ಎಲೆ ಆಟದ ಮಾತು ಬಂದ ಮೇಲೆ ನಮ್ಮ ಮೈಸೂರನ್ನು ಬಿಟ್ಟು ಮುಂದೆ ಹೋಗಲು ಮನಸ್ಸಾಗುವುದಿಲ್ಲ. ಮುಮ್ಮಡಿ ಕೃಷ್ಣರಾಜ ಒಡೆಯರು ಗಂಜೀಫಾ ಎಲೆಗಳ ಮೇಲೆ ಎಷ್ಟು ಮೋಹ ಇಟ್ಟುಕೊಂಡಿದ್ದರು ಅಂದರೆ, ತಾವೇ ಹೊಸ ಹೊಸ ಆಟ ಕಟ್ಟಿದರು. ಅದರಲ್ಲೊಂದಕ್ಕೆ 360 ಎಲೆ! ಎಲೆಗಳ ಮೇಲೆ ದೇವರ ಚಿತ್ರ, ಬಣ್ಣ, ಕುಸುರಿ. ನಮ್ಮ ಕಾಲದಲ್ಲಿ ರಘುಪತಿ ಭಟ್ಟರು ಆ ಕಲೆಗೆ ಮತ್ತೆ ಜೀವ ಕೊಟ್ಟರು. ಅಷ್ಟೊಂದು ದೇವರಿದ್ದರೂ ಯಾರೂ ಅದನ್ನಿಟ್ಟುಕೊಂಡು ಕಣಿ ಹೇಳಲಿಲ್ಲ. ಆಡಿದರು. ಕಣಿಗೆ ನಮ್ಮಲ್ಲಿ ಬೇರೆ ಏರ್ಪಾಡಿತ್ತು. ಗಿಣಿ ಬಂದು ಎಲೆ ಎತ್ತುತ್ತಿತ್ತು, ಬುಡಬುಡಿಕೆಯವರು ಬೆಳಗಿನ ಜಾವ ಬರುತ್ತಿದ್ದರು, ದೇವರ ಬಲಗಡೆಯಿಂದ ಹೂ ಬಿದ್ದರೆ ಅಪ್ಪಣೆಯಾಯಿತು ಅನ್ನುತ್ತಿದ್ದರು. ಬಿಡಿ, ಎಲ್ಲಿಗೋ ಹೋದೆ.

ಈಗ ನಾವು ಟ್ಯಾರೋ ಅಂತ ನೋಡುವ ಚಿತ್ರಗಳಿವೆಯಲ್ಲ, ಅವು ಇಟಲಿಯವೂ ಅಲ್ಲ, ಹಳೆಯವೂ ಅಲ್ಲ. 1909ರಲ್ಲಿ ಲಂಡನ್ನಿನಲ್ಲಿ ರೈಡರ್ ಕಂಪನಿ ಹೊರತಂದದ್ದು. ಬರೆಸಿದವರು ಎ. ಇ. ವೇಟ್, ಗೂಢವಿದ್ಯೆಯ ಗುಂಪೊಂದರಲ್ಲಿದ್ದವರು. ಬರೆದಾಕೆ ಪಮೇಲಾ ಕೋಲ್ಮನ್ ಸ್ಮಿತ್. ಬಹಳ ಕಾಲ ಈ ಕಟ್ಟಿಗೆ ಪ್ರಕಾಶಕರ ಹೆಸರಿತ್ತು, ಬರೆಸಿದವರ ಹೆಸರಿತ್ತು, ಬರೆದವಳದ್ದು ಇರಲಿಲ್ಲ. ಆದರೆ ಪ್ರತಿ ಚಿತ್ರದ ಮೂಲೆಯಲ್ಲಿ ಹಾವಿನ ಹಾಗೆ ಸುತ್ತಿಕೊಂಡ ಮೂರು ಅಕ್ಷರದ ಸಹಿ ಇದೆ. ಅದು ಆಕೆಯದು.

ಈಕೆಯ ಬಗ್ಗೆ ಸ್ವಲ್ಪ ನಿಂತು ಹೇಳುತ್ತೇನೆ, ಯಾಕೆಂದರೆ ಇಡೀ ವಿಷಯದ ಕೀಲಿ ಇಲ್ಲಿದೆ. ಹುಟ್ಟಿದ್ದು 1878ರಲ್ಲಿ, ಲಂಡನ್ನಿನಲ್ಲಿ. ಬಾಲ್ಯದ ಕೆಲವು ವರ್ಷ ಜಮೈಕಾದಲ್ಲಿ. ಚಿತ್ರಕಲೆ ಕಲಿತದ್ದು ಬ್ರೂಕ್ಲಿನ್ನಿನ ಪ್ರಾಟ್ ಇನ್‌ಸ್ಟಿಟ್ಯೂಟಿನಲ್ಲಿ. ಜಮೈಕಾದ ಜನಪದ ಕತೆಗಳನ್ನು ಸಂಗ್ರಹಿಸಿ ತಾನೇ ಚಿತ್ರ ಬರೆದು ಪ್ರಕಟಿಸಿದಳು. ಆ ಕತೆಗಳನ್ನು ಜನರ ಮುಂದೆ ಕೂತು ಹೇಳುತ್ತಿದ್ದಳು ಕೂಡ. ಮುಖ್ಯವಾದದ್ದು ಇದು: ಆಕೆ ನಾಟಕದವರ ಜೊತೆ ಓಡಾಡಿದವಳು. ಎಲೆನ್ ಟೆರ್ರಿ, ಹೆನ್ರಿ ಇರ್ವಿಂಗ್ ಅವರ ಲೈಸಿಯಂ ನಾಟಕ ತಂಡದ ಒಡನಾಟ. ರಂಗದ ಮೇಲೆ ಮನುಷ್ಯ ಹೇಗೆ ನಿಲ್ಲುತ್ತಾನೆ, ಬೆನ್ನು ತಿರುಗಿಸಿದರೆ ಏನು ತಿಳಿಯುತ್ತದೆ, ಕೈ ಎಲ್ಲಿದ್ದರೆ ದುಃಖ, ಎಲ್ಲಿದ್ದರೆ ಬಿಗುಮಾನ, ಇದೆಲ್ಲ ಆಕೆಗೆ ಕರತಲಾಮಲಕ. ಕೆಲವು ಎಲೆಗಳಲ್ಲಂತೂ ಮನುಷ್ಯನ ಹಿಂದೆ ಒಂದು ಅಡ್ಡಗೆರೆ ಇದೆ. ಗೆರೆಯ ಈಚೆ ರಂಗ, ಆಚೆ ಪರದೆ. ಸಮುದ್ರ, ಕೋಟೆ ಎಲ್ಲ ಪರದೆಯ ಮೇಲೆ.

ಆಕೆಗಿಂತ ಮೊದಲು ಎಣಿಕೆ ಎಲೆಗಳಲ್ಲಿ ಸಾಮಾನ್ಯವಾಗಿ ಏನಿರುತ್ತಿತ್ತು? ಐದು ಬಟ್ಟಲು ಅಂದರೆ ಐದು ಬಟ್ಟಲು. ಎಂಟು ಕತ್ತಿ ಅಂದರೆ ಎಂಟು ಕತ್ತಿ. ನಮ್ಮ ಇಸ್ಪೀಟಿನ ಎಲೆಯ ಹಾಗೆಯೇ. 1491ರ ಸುಮಾರಿನ ಸೋಲಾ ಬುಸ್ಕಾ ಅನ್ನುವ ಇಟಲಿಯ ಕಟ್ಟೊಂದರಲ್ಲಿ ಮನುಷ್ಯರಿದ್ದರು. ಅದನ್ನು ಆಕೆ ನೋಡಿದ್ದಿರಬಹುದು. ಆದರೆ ಎಣಿಕೆ ಎಲೆಗಳಿಗೆ ಹೀಗೆ ಸಾಲಾಗಿ ಜನಸಾಮಾನ್ಯರನ್ನು ತಂದು ಕೂರಿಸಿದ್ದು ಆಕೆ. ಹಾಸಿಗೆಯಲ್ಲಿ ಎದ್ದು ಕೂತು ಮುಖ ಮುಚ್ಚಿಕೊಂಡವಳು. ಸಲಿಕೆಯ ಹಿಡಿಗೆ ಗದ್ದ ಊರಿ ಬೆಳೆ ನೋಡುವ ರೈತ. ಹಿಮದಲ್ಲಿ ಊರುಗೋಲು ಹಿಡಿದು ಹೋಗುವ ಬಡವರು. ರಾಜ, ಸೈತಾನ, ಗೋಪುರ ಎಲ್ಲ ದೊಡ್ಡ ಮಾತು. ನಮಗೆ ದಿನಾ ಆಗುವುದು ಈ 56 ಎಲೆಗಳಲ್ಲಿದೆ. ನನಗೆ ಇವೇ ಇಷ್ಟ ಅಂದದ್ದು ಅದಕ್ಕೆ.

ಇಷ್ಟೂ ಚಿತ್ರಗಳನ್ನು ಕೆಲವೇ ತಿಂಗಳಲ್ಲಿ ಬರೆದು ಮುಗಿಸಿದಳು. ನ್ಯೂಯಾರ್ಕಿನಲ್ಲಿ ತನ್ನ ಚಿತ್ರಗಳ ಪ್ರದರ್ಶನ ಮಾಡಿದ್ದ ಸ್ಟೀಗ್ಲಿಟ್ಸ್ ಅವರಿಗೆ ಕಾಗದ ಬರೆದು, ದೊಡ್ಡ ಕೆಲಸ ಮುಗಿಸಿದೆ, ಸಿಕ್ಕಿದ ಕಾಸು ಬಹಳ ಕಮ್ಮಿ ಅಂದಿದ್ದಳು. 1951ರಲ್ಲಿ ಕಾರ್ನ್‌ವಾಲಿನ ಬ್ಯೂಡ್ ಎಂಬ ಊರಿನಲ್ಲಿ ತೀರಿಕೊಂಡಾಗ ತಲೆ ಮೇಲೆ ಸಾಲವಿತ್ತು. ಆ ಹೊತ್ತಿಗೆ ಈ ಎಲೆಗಳನ್ನು ಕೇಳುವವರು ಹೆಚ್ಚಿರಲಿಲ್ಲ. ಅಮೆರಿಕದಲ್ಲಿ ಮತ್ತೆ ಅಚ್ಚಾಗಿ ಮನೆಮನೆಗೆ ಹೋದದ್ದು 1970ರ ದಶಕದಲ್ಲಿ. ಇದನ್ನು ಕಣಿಗಲ್ಲ, ನಮ್ಮನ್ನು ನಾವು ನೋಡಿಕೊಳ್ಳಲು ಬಳಸಬಹುದು ಅನ್ನುವ ಮಾತು ಬಲವಾಗಿ ಬಂದದ್ದು ಅದರ ಆಚೀಚೆ. 1984ರಲ್ಲಿ ಅಮೆರಿಕದ ಮೇರಿ ಗ್ರೀರ್ ಒಂದು ಅಭ್ಯಾಸ ಪುಸ್ತಕವನ್ನೇ ಬರೆದರು. ತನಗೆ ತಾನೇ ಎಲೆ ಎತ್ತಬಾರದು ಅನ್ನುವ ಹಳೆಯ ಕಟ್ಟಳೆಯನ್ನು ಬದಿಗಿಟ್ಟು, ಎಲೆ ಎತ್ತಿ, ನೋಡಿ, ಡೈರಿಯಲ್ಲಿ ಬರೆಯಿರಿ ಅಂದರು. ನಾನು ಮಾಡುವುದು ಆ ದಾರಿಯ ಕೆಲಸ.

ಸರಿ, ಈಗ ಪರದೆಯ ಮೇಲೊಂದು ಎಲೆ ಹಾಕುತ್ತೇನೆ. ಹತ್ತು ಕೋಲು. ಹೆಸರು ಮರೆತುಬಿಡಿ. ಒಬ್ಬ ಮನುಷ್ಯ ಹತ್ತು ಉದ್ದನೆಯ ಕೋಲುಗಳನ್ನು ತಬ್ಬಿ ಹಿಡಿದಿದ್ದಾನೆ. ಬೆನ್ನು ಬಾಗಿದೆ. ಮುಖ ಕೋಲುಗಳಲ್ಲಿ ಹೂತುಹೋಗಿದೆ. ಮುಂದೆ ಬಯಲು, ಆಚೆ ಒಂದು ಮನೆ, ಮರಗಳು. ನಿಮಗೇನು ಕಾಣುತ್ತದೆ, ಹೇಳಿ. ಯೋಚನೆ ಮಾಡಬೇಡಿ, ಥಟ್ಟನೆ ಹೇಳಿ.

ಮುಂದಿನ ಸಾಲಿನ ಹಿರಿಯರು "ಮಗಳ ಮದುವೆ ಸಾಲ" ಅಂದರು. ಎಲ್ಲರೂ ನಕ್ಕಿರಿ, ಅವರು ನಗಲಿಲ್ಲ. ಅಲ್ಲೊಬ್ಬ ಹುಡುಗ, "ಎರಡು ಸಲ ಓಡಾಡಿ ಸಾಗಿಸಬಹುದಿತ್ತಲ್ಲ ಮೇಡಂ" ಅನ್ನುತ್ತಿದ್ದಾನೆ. ಕಿಟಕಿ ಪಕ್ಕದವರು, "ಅವನಿಗೆ ದಾರಿಯೇ ಕಾಣ್ತಿಲ್ಲ, ಪಾಪ." ಇನ್ನೊಬ್ಬರು, "ಪರವಾಗಿಲ್ಲ, ಮನೆ ಹತ್ತಿರ ಬಂತು." ಹಿಂದಿನಿಂದ ಒಬ್ಬರು ಕೇಳಿದ್ದು, "ಇವನಿಗೆ ಕೈ ಹಚ್ಚುವವರು ಯಾರೂ ಇಲ್ವಾ?" ಈ ಪ್ರಶ್ನೆ ಬಂದ ಮೇಲೆ ಸಭೆ ಒಂದು ಕ್ಷಣ ಸುಮ್ಮನಾಯಿತು, ಗಮನಿಸಿದಿರಾ?

ಎಲೆ ಒಂದೇ. ಅದರ ಜೊತೆ ಬರುವ ಪುಟ್ಟ ಪುಸ್ತಕದಲ್ಲಿ ಇದಕ್ಕೆ ಹೊರೆ, ದಬ್ಬಾಳಿಕೆ ಅಂತೆಲ್ಲ ಅರ್ಥ ಕೊಟ್ಟಿರುತ್ತಾರೆ. ಅದನ್ನು ನಾನು ಮೊದಲೇ ಓದಿ ಹೇಳಿದ್ದರೆ ನೀವು "ಹೌದು ಹೌದು" ಅಂತ ತಲೆಯಾಡಿಸುತ್ತಿದ್ದಿರಿ. ಮದುವೆ ಸಾಲವೂ ಬರುತ್ತಿರಲಿಲ್ಲ, ಎರಡು ಸಲದ ಲೆಕ್ಕವೂ ಬರುತ್ತಿರಲಿಲ್ಲ. ಆ ಹುಡುಗ ಹೇಳಿದ್ದು ಯಾವ ಪುಸ್ತಕದಲ್ಲೂ ಇಲ್ಲ. ಅದು ಅವನದು. ಅವನು ಮನೆಗೆ ಹೋಗಿ, "ನಾನು ಒಂದೇ ಸಲಕ್ಕೆ ಹೊತ್ತು ಮುಗಿಸಬೇಕು ಅಂತ ಹಟ ಹಿಡಿದಿರುವುದು ಯಾವುದನ್ನು?" ಅಂತ ಬರೆಯಲು ಕೂತರೆ ಎರಡು ಪುಟ ಆಗುತ್ತದೆ. ಅಲ್ವಾ?

ಮನುಷ್ಯರಿರುವ ಚಿತ್ರ ತೋರಿಸಿ ಕತೆ ಹೇಳಿಸುವುದು ಮನೋವಿಜ್ಞಾನದವರಿಗೂ ಹೊಸದಲ್ಲ. 1935ರಲ್ಲಿ ಹಾರ್ವರ್ಡಿನ ಹೆನ್ರಿ ಮರ್ರೆ ಮತ್ತು ಕ್ರಿಸ್ಟಿಯಾನಾ ಮಾರ್ಗನ್ ಇಂಥದ್ದೇ ಚಿತ್ರಗಳ ಪರೀಕ್ಷೆಯೊಂದನ್ನು ತಂದರು. ಇಲ್ಲಿ ಏನು ನಡೆಯುತ್ತಿದೆ, ಇದಕ್ಕೆ ಮೊದಲು ಏನಾಗಿತ್ತು, ಮುಂದೇನಾಗುತ್ತದೆ, ಇವರ ಮನಸ್ಸಿನಲ್ಲೇನಿದೆ, ಅಂತ ಕೇಳುವುದು. ಹೇಳುವವರು ಚಿತ್ರದವರ ಕತೆ ಹೇಳುತ್ತಾ ತಮ್ಮದನ್ನೂ ಸೇರಿಸಿಬಿಡುತ್ತಾರೆ. ಅದು ತರಬೇತಿ ಪಡೆದವರು ಮಾಡುವ ಪರೀಕ್ಷೆ. ನಾವು ಪರೀಕ್ಷೆ ಮಾಡುತ್ತಿಲ್ಲ, ಯಾರಿಗೂ ಅಂಕ ಕೊಡುತ್ತಿಲ್ಲ. ಆದರೆ ಆ ನಾಲ್ಕು ಪ್ರಶ್ನೆಗಳನ್ನು ಮಾತ್ರ ನಾನು ಸಂಕೋಚವಿಲ್ಲದೆ ಎತ್ತಿಕೊಂಡಿದ್ದೇನೆ.

ಇನ್ನು, "ಟ್ಯಾರೋ ಓದಿಸಿದೆ, ಹೇಳಿದ್ದೆಲ್ಲ ನಿಜ ಆಯ್ತು" ಅನ್ನುವವರ ವಿಷಯ. ಅವರು ಸುಳ್ಳು ಹೇಳುತ್ತಿಲ್ಲ. 1948ರಲ್ಲಿ ಬರ್ಟ್ರಂ ಫೋರರ್ ಎಂಬ ಮನೋವಿಜ್ಞಾನಿ ತಮ್ಮ 39 ವಿದ್ಯಾರ್ಥಿಗಳಿಗೆ ಒಂದು ವ್ಯಕ್ತಿತ್ವ ಪರೀಕ್ಷೆ ಕೊಟ್ಟರು. ಆಮೇಲೆ ಒಬ್ಬೊಬ್ಬರಿಗೂ ಅವರವರದೇ ಫಲಿತಾಂಶ ಅಂತ ಒಂದೊಂದು ಹಾಳೆ ಹಂಚಿದರು. ಎಷ್ಟು ಸರಿಯಿದೆ, ಐದಕ್ಕೆ ಎಷ್ಟು ಅಂಕ ಕೊಡುತ್ತೀರಿ ಅಂತ ಕೇಳಿದರು. ಸರಾಸರಿ 4.26 ಬಂತು. ಹಾಳೆ ಎಲ್ಲರಿಗೂ ಒಂದೇ! ಅಂಗಡಿಯಲ್ಲಿ ಸಿಗುವ ಜ್ಯೋತಿಷ್ಯದ ಪುಸ್ತಕದಿಂದ ಎತ್ತಿದ್ದು. "ನಿಮ್ಮಲ್ಲಿ ಇನ್ನೂ ಬಳಸಿಕೊಳ್ಳದ ಶಕ್ತಿ ಇದೆ", "ಹೊರಗೆ ಗಟ್ಟಿ, ಒಳಗೆ ಅಳುಕು", ಇಂಥ ಮಾತು. ಯಾರಿಗೆ ತಾನೇ ಹೊಂದುವುದಿಲ್ಲ ಹೇಳಿ? ಯೂಟ್ಯೂಬಿನಲ್ಲಿ ಮೂರು ರಾಶಿ ಎಲೆ ಇಟ್ಟು, ಒಂದನ್ನು ಆರಿಸಿ, ನಿಮ್ಮ ಸಂದೇಶ ಕೇಳಿ ಅನ್ನುವುದು ಪೂರ್ತಿ ಇದರ ಮೇಲೆಯೇ ನಿಂತಿದೆ. ಲಕ್ಷ ಜನ ನೋಡುತ್ತಾರೆ, ಲಕ್ಷ ಜನಕ್ಕೂ "ಇದು ನನಗೇ ಹೇಳಿದ್ದು" ಅನಿಸುತ್ತದೆ.

ಹಾಗಾಗಿ ನನ್ನ ಹತ್ತಿರ ಒಂದೇ ಗೆರೆ ಇದೆ. ಮಾತಾಡುವವರು ಯಾರು? ಎದುರು ಕೂತವರು ಮಾತಾಡಿ ನೀವು ತಲೆಯಾಡಿಸುತ್ತಿದ್ದರೆ ಅದು ಕಣಿ. ನೀವು ಮಾತಾಡಿ, ನಿಮ್ಮ ಮಾತಿಗೆ ನೀವೇ ಬೆಚ್ಚಿದರೆ ಅಲ್ಲಿ ಏನೋ ಕೆಲಸ ಆಗುತ್ತಿದೆ.

ಒಂದು ಉದಾಹರಣೆ ಕೊಡುತ್ತೇನೆ. ಸಂಬಂಧಪಟ್ಟವರ ಒಪ್ಪಿಗೆ ಇದೆ, ಗುರುತು ಬದಲಿಸಿದ್ದೇನೆ. ಒಬ್ಬರು ಖಾಸಗಿ ಕಂಪನಿಯೊಂದರ ಲೆಕ್ಕಪತ್ರ ವಿಭಾಗದಲ್ಲಿದ್ದರು. ಮನೆಯಲ್ಲಿ ಅತ್ತೆಗೆ ಲಕ್ವ ಹೊಡೆದಿತ್ತು. ಕೆಲಸ ಬಿಡಲೂ ಆಗದು, ಮಾಡಲೂ ಆಗದು. ಕಮ್ಮಟದಲ್ಲಿ ಅವರಿಗೆ ಬಂದದ್ದು ಎಂಟು ಕತ್ತಿ. ಕಣ್ಣಿಗೆ ಬಟ್ಟೆ ಕಟ್ಟಿದ, ತೋಳುಗಳಿಗೆ ಪಟ್ಟಿ ಸುತ್ತಿದ ಹೆಣ್ಣು. ಸುತ್ತ ನೆಲಕ್ಕೆ ನೆಟ್ಟ ಕತ್ತಿಗಳು. ಹಿಂದೆ ಬಂಡೆಯ ಮೇಲೊಂದು ಕೋಟೆ.

ಈ ಎಲೆಗೆ ಎಲ್ಲ ಕಡೆ ಒಂದು ಸಿದ್ಧ ಉತ್ತರ ಇದೆ. ನೋಡಿ, ಕಾಲು ಕಟ್ಟಿಲ್ಲ, ಕತ್ತಿಗಳ ನಡುವೆ ಜಾಗ ಇದೆ, ಬಂಧನ ನಿಮ್ಮ ಮನಸ್ಸಿನಲ್ಲಿ ಮಾತ್ರ, ನಡೆದುಬಿಡಿ. ಪಕ್ಕದಲ್ಲಿ ಕೂತವರೊಬ್ಬರು ಇದನ್ನೇ ಹೇಳಿದರು. ಇವರಿಗೆ ಕೆಂಡದಂಥ ಕೋಪ ಬಂತು. "ಕಾಲು ಕಟ್ಟಿಲ್ಲ, ಸರಿ. ಕೆಳಗೆ ನೋಡಿ, ನೀರು, ಕೆಸರು. ಕಣ್ಣು ಕಟ್ಟಿಕೊಂಡು ಕೆಸರಲ್ಲಿ ನಡೆದರೆ ಜಾರಿ ಬೀಳ್ತಾಳೆ. ಬಿದ್ದರೆ ಏಳೋಕೆ ಕೈ ಬೇರೆ ಕಟ್ಟಿದೆ. ನಡೀ ಅನ್ನೋದು ಸುಲಭ ಕಣ್ರೀ." ಹೌದಲ್ಲ! ಚಿತ್ರದಲ್ಲಿ ಕಾಲಡಿ ನೀರು ನಿಂತದ್ದು ನಿಜವಾಗಿಯೂ ಇದೆ. ಇಷ್ಟು ವರ್ಷ ಇದನ್ನು ತೋರಿಸುತ್ತಿದ್ದೇನೆ, ಯಾರೂ ಕೆಸರಿನ ಮಾತೆತ್ತಿರಲಿಲ್ಲ.

ನಾನು ಹೇಳಿದ್ದು ಇಷ್ಟೇ. ಆ ಕೆಸರು ಯಾವುದು, ಬರೆಯಿರಿ. ಅವರು ಅತ್ತೆಯ ಬಗ್ಗೆ ಬರೆಯುತ್ತಾರೆ ಅಂದುಕೊಂಡಿದ್ದೆ. ಗಂಡನ ಬಗ್ಗೆ ಇರಬಹುದು ಅಂದುಕೊಂಡಿದ್ದೆ. ಎರಡೂ ಅಲ್ಲ. ಒಂದು ಸಲ ಕೆಲಸ ಬಿಟ್ಟರೆ ನಲವತ್ತೇಳನೇ ವಯಸ್ಸಿನಲ್ಲಿ ಮತ್ತೆ ಯಾರೂ ತಗೊಳ್ಳಲ್ಲ, ಕೈಖರ್ಚಿಗೂ ಇನ್ನೊಬ್ಬರ ಮುಂದೆ ಕೈಯೊಡ್ಡಬೇಕು, ಅಮ್ಮ ಒಡ್ಡಿದ ಹಾಗೆ. "ಅಮ್ಮ ಒಡ್ಡಿದ ಹಾಗೆ" ಅನ್ನುವುದನ್ನು ಬರೆದು, ಹೊಡೆದುಹಾಕಿ, ಮತ್ತೆ ಬರೆದಿದ್ದರು. ಅದು ಗೊತ್ತಾದ ಮೇಲೆ ಪ್ರಶ್ನೆಯೇ ಬದಲಾಯಿತು. ಬಿಡಲಾ, ಮಾಡಲಾ ಅನ್ನುವುದು ಹೋಗಿ, ಬಿಡದೆ ಸ್ವಲ್ಪ ಕಾಲ ಹೊರಗಿರಲು ಆಗುತ್ತದಾ ಅನ್ನುವುದು ಬಂತು. ಆಫೀಸಿನಲ್ಲಿ ಕೇಳಿದರು. ಸಂಬಳವಿಲ್ಲದ ರಜೆ ಸಿಕ್ಕಿತು. ಅತ್ತೆಯ ಕಾಯಿಲೆ ಹಾಗೇ ಇತ್ತು, ದುಡ್ಡಿನ ಬಿಗಿಯೂ ಇತ್ತು. ಎಲೆ ಏನನ್ನೂ ಸರಿಮಾಡಲಿಲ್ಲ. ಕೇಳಬೇಕಾದ ಪ್ರಶ್ನೆ ಅವರ ಕೈಗೆ ಸಿಕ್ಕಿತು.

ನೀವು ಮನೆಯಲ್ಲಿ ಮಾಡಿ ನೋಡುವುದಾದರೆ ಹೆಚ್ಚಿನ ಸರಂಜಾಮು ಬೇಡ. ರೇಷ್ಮೆ ಬಟ್ಟೆ, ಮೇಣದ ಬತ್ತಿ, ಹುಣ್ಣಿಮೆ, ಹರಳು, ಯಾವುದೂ ಬೇಡ. ಹತ್ತು ಎಲೆ ಹರಡುವ ಪದ್ಧತಿಗಳಿವೆ. ಅದೂ ಬೇಡ. ಹತ್ತು ಎಲೆ ಬಂದರೆ ಮನಸ್ಸಿಗೆ ಒಪ್ಪುವ ಎರಡನ್ನು ಹಿಡಿದುಕೊಂಡು ಉಳಿದದ್ದನ್ನು ಬಿಟ್ಟುಬಿಡುತ್ತೇವೆ. ಒಂದೇ ಎಲೆ ಸಾಕು. ಕಲೆಸಿ, ಕಣ್ಣು ಬಿಟ್ಟುಕೊಂಡೇ ಎತ್ತಿ. ಆರಿಸಿಕೊಳ್ಳಬೇಡಿ, ಯಾಕೆಂದರೆ ನಾವು ಆರಿಸಿಕೊಂಡರೆ ನಮಗೆ ಗೊತ್ತಿರುವ ಜಾಗಕ್ಕೇ ಹೋಗುತ್ತೇವೆ. ದುಃಖದಲ್ಲಿರುವವರು ಅಳುವವಳ ಎಲೆಯನ್ನೇ ಎತ್ತುತ್ತಾರೆ. ಅವರ ಮುಂದೆ ಒಂಬತ್ತು ಬಟ್ಟಲು ಸಾಲಾಗಿಟ್ಟು ಕೈಕಟ್ಟಿ ತೃಪ್ತಿಯಿಂದ ಕೂತವನು ಬಂದರೆ, ಇವನಿಗೂ ನನಗೂ ಏನು ಸಂಬಂಧ ಅಂತ ಒಂದು ತಕರಾರು ಏಳುತ್ತದೆ. ಆ ತಕರಾರಿನಿಂದ ಬರೆಯಲು ಶುರುಮಾಡಿ.

ಮೊದಲ ಐದು ನಿಮಿಷ ಕಂಡದ್ದನ್ನು ಮಾತ್ರ ಬರೆಯಿರಿ. "ಅವಳು ದುಃಖದಲ್ಲಿದ್ದಾಳೆ" ಅನ್ನುವುದು ಕಂಡದ್ದಲ್ಲ. "ಅವಳು ಎರಡೂ ಕೈಯಲ್ಲಿ ಮುಖ ಮುಚ್ಚಿದ್ದಾಳೆ, ಹೊದಿಕೆಯ ಮೇಲೆ ಗುಲಾಬಿ ಹೂವಿನ ಚಿತ್ತಾರ ಇದೆ" ಅನ್ನುವುದು ಕಂಡದ್ದು. ಇದು ಕೇಳಲು ಸುಲಭ, ಮಾಡಲು ಹೋದರೆ ಬೆವರುತ್ತೀರಿ. ನಮಗೆ ನೋಡುವ ಮೊದಲೇ ತೀರ್ಪು ಕೊಟ್ಟು ಅಭ್ಯಾಸ. ಆಮೇಲೆ ಕೇಳಿಕೊಳ್ಳಿ, ಈ ಚಿತ್ರದಲ್ಲಿ ನಾನೆಲ್ಲಿದ್ದೇನೆ? ಮನುಷ್ಯನೇ ಆಗಬೇಕಿಲ್ಲ. ಆರು ಕತ್ತಿಯ ಎಲೆಯಲ್ಲಿ ಒಂದು ದೋಣಿ ಇದೆ. ಅಂಬಿಗ, ಮುಸುಕು ಹಾಕಿ ಕೂತ ಹೆಂಗಸು, ಪಕ್ಕದಲ್ಲೊಂದು ಮಗು, ಮುಂದೆ ದೋಣಿಯ ತಳಕ್ಕೇ ನೆಟ್ಟ ಆರು ಕತ್ತಿ. ಒಬ್ಬ ಹುಡುಗಿ, "ನಾನು ಕತ್ತಿ. ನನ್ನನ್ನು ಕಿತ್ತರೆ ದೋಣಿಗೆ ನೀರು ನುಗ್ಗುತ್ತೆ" ಅಂತ ಬರೆದಿದ್ದಳು. ಅವಳ ಅಪ್ಪ ಅಮ್ಮ ಜಗಳವಾಡುತ್ತಲೇ ಒಟ್ಟಿಗಿರುವವರು.

ಪ್ರಶ್ನೆ ಇಟ್ಟುಕೊಂಡು ಎತ್ತುವುದಾದರೆ, ಬೇರೆಯವರ ಮನಸ್ಸಿನ ಬಗ್ಗೆ ಕೇಳಬೇಡಿ. "ಅವನು ನನ್ನ ಬಗ್ಗೆ ಏನಂದುಕೊಂಡಿದ್ದಾನೆ?" ಅನ್ನುವುದಕ್ಕೆ ಅವನನ್ನೇ ಕೇಳಬೇಕು, ಇಲ್ಲ ಸುಮ್ನಿರಬೇಕು. "ಅವನ ಮುಂದೆ ನಾನು ನುಂಗಿಕೊಂಡ ಮಾತು ಯಾವುದು?" ಅಂತ ತಿರುಗಿಸಿ. "ಕೆಲಸ ಸಿಗುತ್ತಾ?" ಅನ್ನುವುದನ್ನು, "ಸಿಗದಿದ್ದರೆ ಯಾರಿಗೆ ಮುಖ ತೋರಿಸುವುದು ನನಗೆ ಕಷ್ಟ?" ಅಂತ ತಿರುಗಿಸಿ. ನೋಡಿ, ಎರಡನೆಯ ಪ್ರಶ್ನೆ ಕೇಳಿಸಿಕೊಂಡಾಗಲೇ ಒಂದು ಮುಖ ಕಣ್ಣ ಮುಂದೆ ಬಂತು. ಎಲೆ ಎತ್ತುವ ಮೊದಲೇ.

ಸಾವಿನ ಎಲೆಯ ಬಗ್ಗೆ ಹೇಳದಿದ್ದರೆ ಯಾರಾದರೂ ಕೇಳಿಯೇ ಕೇಳುತ್ತೀರಿ. ಹದಿಮೂರನೆಯ ಎಲೆ. ಕಪ್ಪು ಕವಚ ತೊಟ್ಟ ಅಸ್ಥಿಪಂಜರ, ಬಿಳಿ ಕುದುರೆ, ಕೈಯಲ್ಲಿ ಬಿಳಿ ಹೂವಿರುವ ಬಾವುಟ. ಕುದುರೆಯ ಕೆಳಗೆ ರಾಜ ಸತ್ತು ಬಿದ್ದಿದ್ದಾನೆ. ಇದು ಬಂದರೆ ನಮ್ಮ ಮನೆಗಳಲ್ಲಿ ಕೂಡಲೇ "ಬಿಡ್ತು ಅನ್ನು" ಅನ್ನುತ್ತಾರೆ. ಟ್ಯಾರೋದವರು ಅಷ್ಟೇ ಅವಸರದಲ್ಲಿ, "ಇಲ್ಲ ಇಲ್ಲ, ಇದು ಸಾವಲ್ಲ, ಬದಲಾವಣೆ" ಅಂತ ಸಮಾಧಾನ ಮಾಡುತ್ತಾರೆ. ನನಗೆ ಎರಡೂ ಒಗ್ಗುವುದಿಲ್ಲ. ಅಪ್ಪನನ್ನು ಕಳೆದುಕೊಂಡು ವರ್ಷ ತುಂಬದವರಿಗೆ ಅದು ಬದಲಾವಣೆ ಅಂತ ಹೇಳಲು ನಾನ್ಯಾರು? ಚಿತ್ರ ನೋಡಿ. ಮಂಡಿಯೂರಿದ ಒಂದು ಮಗು ಕುದುರೆಯ ಕಡೆಗೇ ಮುಖ ಮಾಡಿದೆ. ಯುವತಿ ಮುಖ ತಿರುಗಿಸಿದ್ದಾಳೆ. ಪಾದ್ರಿ ಕೈಮುಗಿದು ಏನೋ ಬೇಡಿಕೊಳ್ಳುತ್ತಿದ್ದಾನೆ. ನೀವು ಇವರಲ್ಲಿ ಯಾರ ಹಾಗೆ ನಿಂತಿದ್ದಿರಿ, ಇದನ್ನು ಮಾತ್ರ ಕೇಳುತ್ತೇನೆ. ಬರೆಯಲು ಆಗದಿದ್ದರೆ ಎಲೆ ವಾಪಸ್ ಇಡಿ. ಯಾವ ದೋಷವೂ ಇಲ್ಲ.

ಇದು ಕೆಡುವುದು ಎಲ್ಲಿ ಅಂದರೆ, ಬೇಕಾದ ಎಲೆ ಬರುವ ತನಕ ಮತ್ತೆ ಮತ್ತೆ ಎತ್ತುವಲ್ಲಿ. ಬೆಳಿಗ್ಗೆ ಎದ್ದು ಎಲೆ ಎತ್ತದೆ ಮನೆಯಿಂದ ಹೊರಡಲಾರೆ ಅನ್ನುವಲ್ಲಿ. ಆಗ ಕಟ್ಟನ್ನು ಅಟ್ಟಕ್ಕೆ ಹಾಕಿಬಿಡಿ. ದುಡ್ಡು, ಔಷಧಿ, ಕೋರ್ಟು, ಈ ಮೂರನ್ನು ಎಲೆಗಳ ಹತ್ತಿರ ತರಲೇಬೇಡಿ. ರಾತ್ರಿ ನಿದ್ದೆ ಇಲ್ಲ, ಊಟ ಸೇರುತ್ತಿಲ್ಲ, ಬದುಕೇ ಬೇಡ ಅನಿಸುತ್ತಿದೆ ಅನ್ನುವ ಹೊತ್ತಿನಲ್ಲಿ ಚಿತ್ರ ನೋಡಿ ಬರೆಯುತ್ತಾ ಕೂರುವುದಲ್ಲ. ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ ಇದೆ, 14416. ಕನ್ನಡದಲ್ಲೇ ಮಾತಾಡಬಹುದು, ದುಡ್ಡಿಲ್ಲ. ನಂಬರ್ ಬರೆದುಕೊಳ್ಳಿ, ನಿಮಗಲ್ಲದಿದ್ದರೆ ಇನ್ನೊಬ್ಬರಿಗೆ ಬೇಕಾದೀತು.

ಕೊನೆಗೆ ಬಂದ ಕೆಲವು ಪ್ರಶ್ನೆಗಳು. ಎಲೆ ತಲೆಕೆಳಗಾಗಿ ಬಂದರೆ ಕೆಟ್ಟದ್ದಾ? ಕಲೆಸುವಾಗ ತಿರುಗಿದೆ, ನೆಟ್ಟಗೆ ಮಾಡಿಕೊಳ್ಳಿ. ಬೇಕಿದ್ದರೆ ಹಾಗೇ ನೋಡಿ, ಅದೂ ಮಜಾ ಇರುತ್ತದೆ. ಒಂಟಿ ಕಾಲಲ್ಲಿ ತಲೆಕೆಳಗಾಗಿ ತೂಗುವವನ ಎಲೆಯನ್ನು ತಿರುಗಿಸಿ ಹಿಡಿದರೆ ಅವನು ಕುಣಿಯುವ ಹಾಗೆ ಕಾಣುತ್ತಾನೆ.

ಹೊಸ ಹೊಸ ಕಟ್ಟುಗಳು ಬಂದಿವೆಯಲ್ಲ, ಯಾವುದು ಒಳ್ಳೆಯದು? ಬೇಕಾದಷ್ಟಿವೆ. ಬರೀ ಪ್ರಾಣಿ ಪಕ್ಷಿಗಳದ್ದು, ಜೀನ್ಸ್ ತೊಟ್ಟ ಇವತ್ತಿನ ಹುಡುಗಿಯರದ್ದು, ಬೆಕ್ಕುಗಳದ್ದು. ನನ್ನ ರುಚಿ ಹೇಳುವುದಾದರೆ, ಮನುಷ್ಯರು ಏನಾದರೂ ಮಾಡುತ್ತಿರುವ ಚಿತ್ರ ಬೇಕು. ಚಂದದ ಹೂಬಳ್ಳಿಯ ಮುಂದೆ ಚಂದ ಅನ್ನುವುದು ಬಿಟ್ಟು ಬೇರೇನೂ ಬರೆಯಲು ಆಗುವುದಿಲ್ಲ. "ನಿನ್ನನ್ನು ನೀನು ನಂಬು" ಅಂತ ಎಲೆಯ ಮೇಲೇ ಬರೆದಿರುವ ಕಟ್ಟುಗಳೂ ಇವೆ. ಉತ್ತರ ಅವರೇ ಬರೆದುಕೊಟ್ಟ ಮೇಲೆ ನಮಗೆ ಏನು ಕೆಲಸ?

ದುಡ್ಡು ಕೊಟ್ಟೇ ಕೊಳ್ಳಬೇಕಾ ಅಂತ ಆ ಹುಡುಗ ಕೇಳುತ್ತಿದ್ದಾನೆ. ಬೇಡಪ್ಪ. ನಮ್ಮ ದೇಶದ ಕಾನೂನಿನಲ್ಲಿ ಕಲಾವಿದರು ತೀರಿಕೊಂಡ ಮೇಲೆ 60 ವರ್ಷದ ತನಕ ಹಕ್ಕು ಇರುತ್ತದೆ. ಪಮೇಲಾ ತೀರಿಕೊಂಡದ್ದು 1951ರಲ್ಲಿ, ಲೆಕ್ಕ ಹಾಕಿಕೊಳ್ಳಿ. 1909ರ ಚಿತ್ರಗಳು ಇಂಟರ್ನೆಟ್ಟಿನಲ್ಲಿ ಸಿಗುತ್ತವೆ. ಇಷ್ಟವಾದ ಒಂದು ಹತ್ತಿಪ್ಪತ್ತನ್ನು ಜೆರಾಕ್ಸ್ ಅಂಗಡಿಯಲ್ಲಿ ದಪ್ಪ ಹಾಳೆಗೆ ಪ್ರಿಂಟ್ ಹಾಕಿಸಿಕೊಂಡರೆ ಆಯಿತು. ಮನೆಯ ಹಳೇ ಫೋಟೋಗಳಿಂದಲೂ ಶುರುಮಾಡಬಹುದು, ಯಾರೂ ಕ್ಯಾಮೆರಾ ಕಡೆ ನೋಡದಿರುವ ಫೋಟೋ ಇದ್ದರೆ ಇನ್ನೂ ಒಳ್ಳೆಯದು. ಹಿಂದಿನ ಮೇಜಿನ ಮೇಲೆ ನಾನೂ ಒಂದು ಕಟ್ಟು ಹರಡಿದ್ದೇನೆ. ಚಹಾ ಕುಡಿಯುತ್ತಾ ಒಂದೊಂದು ಎತ್ತಿಕೊಂಡು ಪಕ್ಕದವರಿಗೆ ತೋರಿಸಿ ಮಾತಾಡಿ. ಅರ್ಥ ಏನು ಅಂತ ಮಾತ್ರ ನನ್ನ ಹತ್ತಿರ ಬರಬೇಡಿ.